ಲೈಸೋಜೈಮ್ ಇದೆ ಎಂದ ಮಾತ್ರಕ್ಕೆ ಎದೆಹಾಲು ಕಣ್ಣಿನ ಮದ್ದಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಣ್ಣೀರು, ಎಂಜಲು, ಎದೆಹಾಲು ಮೂರರಲ್ಲೂ ಲೈಸೋಜೈಮ್ ಎಂಬ ಕಿಣ್ವವಿದೆ, ಅದು ಬ್ಯಾಕ್ಟೀರಿಯಾಗಳನ್ನು ಒಡೆದು ಕೊಲ್ಲುತ್ತದೆ. ಇಷ್ಟು ನಿಜ. ಈ ಒಂದು ನಿಜವನ್ನು ಹಿಡಿದುಕೊಂಡು ‘ಕೂಸಿನ ಕಣ್ಣು ಅಂಟಿದರೆ ಎದೆಹಾಲು ಹಿಂಡಿ’, ‘ಗಾಯಕ್ಕೆ ಮೊದಲು ಎಂಜಲು ಹಚ್ಚಿ’, ‘ಕತ್ತೆಹಾಲಿಗಿಂತ ಒಳ್ಳೆಯ ಆಂಟಿಬಯೋಟಿಕ್ ಇಲ್ಲ’ ಎಂಬ ಸಲಹೆಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿವೆ. ಮನೆಮದ್ದಿನ ಅಂಕಣಗಳಲ್ಲೂ ಆಗಾಗ ತಲೆಹಾಕುತ್ತವೆ. ಹಳೆಯ ರೂಢಿಗೆ ವಿಜ್ಞಾನದ ಮುದ್ರೆಯೂ ಬಿತ್ತೆಂದು ಓದುಗರು ನಂಬುತ್ತಾರೆ. ಈ ಕಿಣ್ವ ಎಲ್ಲಿ, ಎಷ್ಟಿದೆ, ಯಾವ ರೋಗಾಣುವಿನ ಮೇಲೆ ನಡೆಯುತ್ತದೆ, ಯಾವುದರ ಮೇಲೆ ನಡೆಯುವುದಿಲ್ಲ ಎಂಬುದನ್ನು ಸೂಕ್ಷ್ಮಜೀವಿಶಾಸ್ತ್ರ ಕಲಿಸುವ ನಾವು ಓದುಗರ ಮುಂದಿಡಬೇಕೆಂದಿದ್ದೇವೆ. ಅಳತೆಗಳಿಲ್ಲದೆ ಈ ವಿಷಯ ಹೇಳಲಾಗದು, ಹಾಗಾಗಿ ಪತ್ರ ತುಸು ಉದ್ದವಾಗಿದೆ.

ಬ್ಯಾಕ್ಟೀರಿಯಾದ ಮೈಸುತ್ತ ಹೆಣೆದ ಗೋಡೆಯೊಂದಿದೆ. ಎರಡು ಬಗೆಯ ಸಕ್ಕರೆ ಅಣುಗಳನ್ನು ಒಂದಾದ ಮೇಲೆ ಒಂದರಂತೆ ಪೋಣಿಸಿದ ಸರಗಳು, ಆ ಸರಗಳನ್ನು ಅಡ್ಡಡ್ಡ ಬಿಗಿದ ಅಮೈನೋ ಆಮ್ಲದ ತುಣುಕುಗಳು. ಈ ಹೆಣಿಗೆಗೆ ಪೆಪ್ಟಿಡೋಗ್ಲೈಕನ್ ಎಂದು ಹೆಸರು. ಕೋಶದ ಒಳಗಿನ ಒತ್ತಡ ಹೊರಗಿನದಕ್ಕಿಂತ ಬಹಳ ಹೆಚ್ಚು. ಗೋಡೆ ಇರುವುದರಿಂದಲೇ ಕೋಶ ಒಡೆಯದೆ ನಿಂತಿದೆ. ಲೈಸೋಜೈಮ್ ತನ್ನ ಮೈಯಲ್ಲಿರುವ ಸೀಳಿನೊಳಗೆ ಆ ಸರದ ಆರು ಮಣಿಗಳನ್ನು ಹಿಡಿದು, ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಬೆಸುಗೆಯನ್ನು ಕತ್ತರಿಸುತ್ತದೆ. ಹೀಗೆ ಹತ್ತಾರು ಕಡೆ ಕತ್ತರಿಸಿದ ಮೇಲೆ ನೀರು ಒಳನುಗ್ಗಿ ಕೋಶ ಬಿರಿಯುತ್ತದೆ. ಮನುಷ್ಯರ ಲೈಸೋಜೈಮ್ 130 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು, ಕೋಳಿಮೊಟ್ಟೆಯ ಬಿಳಿಯಲ್ಲಿರುವುದು 129ರದು. ಮೊಟ್ಟೆಯ ಲೈಸೋಜೈಮಿನ ರಚನೆಯನ್ನು 1965ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಡೇವಿಡ್ ಫಿಲಿಪ್ಸ್ ಅವರ ತಂಡ ಎಕ್ಸ್-ರೇ ಬಳಸಿ ಬಿಡಿಸಿತು. ಕಿಣ್ವವೊಂದರ ಪೂರ್ಣ ರೂಪ ಮನುಷ್ಯನಿಗೆ ಕಂಡದ್ದು ಅದೇ ಮೊದಲು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಎಂ. ವಿಜಯನ್ ಮತ್ತು ಸಹೋದ್ಯೋಗಿಗಳು ಇದೇ ಕಿಣ್ವದ ಹರಳುಗಳನ್ನು ಕಡಿಮೆ ತೇವದಲ್ಲಿಟ್ಟು, ನೀರು ಹೊರಟಂತೆ ಅಣುವಿನ ಆಕಾರ ಎಲ್ಲೆಲ್ಲಿ ಸರಿದಾಡುತ್ತದೆ ಎಂದು ವರ್ಷಗಟ್ಟಲೆ ಅಧ್ಯಯನ ಮಾಡಿದರು.

ಇನ್ನು ಇದರ ಮಿತಿ. ಗೋಡೆ ಹೊರಗೇ ತೆರೆದಿರುವ ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಲೈಸೋಜೈಮ್ ನೇರವಾಗಿ ಬೀಳಬಲ್ಲದು. ಇ. ಕೊಲೈ, ಸಾಲ್ಮೊನೆಲ್ಲಾ, ಸೂಡೋಮೊನಾಸ್‌ಗಳಂಥ ಗ್ರಾಂ-ನೆಗೆಟಿವ್‌ಗಳಿಗೆ ಗೋಡೆಯ ಹೊರಗೆ ಇನ್ನೊಂದು ಕೊಬ್ಬಿನ ಪೊರೆ ಹೊದ್ದಿಕೆಯಂತಿದೆ. ಲೈಸೋಜೈಮ್ ಅದನ್ನು ದಾಟಲಾರದು. ಗ್ರಾಂ-ಪಾಸಿಟಿವ್ ಆಗಿದ್ದರೂ ಕೀವುಗಾಯಗಳ ಮಾಮೂಲಿ ರೋಗಾಣುವಾದ ಸ್ಟೆಫಿಲೋಕಾಕಸ್ ಆರಿಯಸ್ ತನ್ನ ಸಕ್ಕರೆ ಮಣಿಗಳಿಗೆ ಅಸಿಟೈಲ್ ಗುಂಪೊಂದನ್ನು ಅಂಟಿಸಿಕೊಂಡಿದೆ. ಹಾಗಾಗಿ ಆ ಸರ ಕಿಣ್ವದ ಸೀಳಿನಲ್ಲಿ ಕೂರುವುದೇ ಇಲ್ಲ. ವೈರಸ್ಸಿಗೆ ಈ ಗೋಡೆಯೇ ಇಲ್ಲ. ಮಳೆಗಾಲದಲ್ಲಿ ಊರಿಗೆ ಊರೇ ಹರಡುವ ಮದ್ರಾಸ್ ಐ ಬಹುಪಾಲು ಅಡಿನೋವೈರಸ್ಸಿನದು. ಅಲ್ಲಿ ಲೈಸೋಜೈಮಿಗೆ ಕೆಲಸವಿಲ್ಲ.

ಇದು ಈಚೆಗೆ ಗೊತ್ತಾದ ಸಂಗತಿಯಲ್ಲ. 1921ರಲ್ಲಿ ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ನೆಗಡಿಯ ಸಿಂಬಳದಲ್ಲಿ ಈ ಕಿಣ್ವವನ್ನು ಕಂಡರು, 1922ರಲ್ಲಿ ಪ್ರಕಟಿಸಿದರು. ಪೆನಿಸಿಲಿನ್‌ಗೆ ಇನ್ನೂ ಆರು ವರ್ಷವಿತ್ತು. ಕಣ್ಣೀರು ಸಾಲದಾದಾಗ ಕಣ್ಣಿಗೆ ನಿಂಬೆರಸ ಹಿಂಡಿಸಿಕೊಂಡು ನೀರು ಕೂಡಿಸಿದರು. ಅವರ ಕೈಗೆ ಸಿಕ್ಕ ಹಳದಿ ಬ್ಯಾಕ್ಟೀರಿಯಾ, ಈಗಿನ ಮೈಕ್ರೋಕಾಕಸ್ ಲೂಟಿಯಸ್, ಕಣ್ಣೆದುರೇ ಕರಗಿತು. ಆದರೆ ರೋಗ ತರುವ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗಿಸಿದಾಗ ಬಹಳಷ್ಟು ಕದಲಲಿಲ್ಲ. ಕಾರಣ ಯೋಚಿಸಿದರೆ ಸ್ಪಷ್ಟ: ನಮ್ಮ ಕಣ್ಣು, ಮೂಗು, ಬಾಯಿಗಳಲ್ಲಿ ಈ ಕಿಣ್ವ ಹುಟ್ಟಿನಿಂದಲೂ ಹರಿಯುತ್ತಿದೆ. ಅದಕ್ಕೆ ಸಾಯುವಂಥವು ನಮ್ಮಲ್ಲಿ ರೋಗ ಹೂಡಲಾರವು. ರೋಗ ಹೂಡಿದ್ದು ಅದನ್ನು ದಾಟಿ ಬಂದದ್ದು. ಸೋಂಕು ಆದ ಮೇಲೆ ಅದೇ ಕಿಣ್ವವನ್ನು ಮತ್ತೆ ಹೊಯ್ದರೆ ಏನು ಪ್ರಯೋಜನ? ಜಪಾನಿನಲ್ಲಿ ದಶಕಗಳ ಕಾಲ ಮಾರಿದ ಲೈಸೋಜೈಮ್ ಮಾತ್ರೆಗಳು ಮರುಪರೀಕ್ಷೆಯಲ್ಲಿ ಗುಣ ತೋರಿಸಲಾಗದೆ 2016ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದವು.

ಈಗ ಕೂಸಿನ ಕಣ್ಣಿನ ಮಾತು. ಕಣ್ಣೀರಿನಲ್ಲಿ ಒಂದು ಮಿ.ಲೀ.ಗೆ ಹತ್ತಿರಹತ್ತಿರ 2 ಮಿ.ಗ್ರಾಂ. ಲೈಸೋಜೈಮ್ ಇರುತ್ತದೆ, ಮೈಯ ದ್ರವಗಳಲ್ಲೆಲ್ಲ ಇದು ಅತಿ ಗಟ್ಟಿ ಪ್ರಮಾಣಗಳಲ್ಲೊಂದು. ಎದೆಹಾಲಿನಲ್ಲಿ ಒಂದು ಮಿ.ಲೀ.ಗೆ 0.2ರಿಂದ 0.4 ಮಿ.ಗ್ರಾಂ. ಅಂದರೆ ಕಣ್ಣೀರಿನ ಐದನೆಯ ಒಂದು ಪಾಲು, ಕೆಲವೊಮ್ಮೆ ಹತ್ತನೆಯ ಒಂದು ಪಾಲು. ದೊಡ್ಡವರ ಕಣ್ಣಿನ ಮೇಲೆ ಸದಾ ನಿಂತಿರುವ ನೀರು ಸುಮಾರು 7 ಮೈಕ್ರೋಲೀಟರ್. ಕೂಸಿನ ಕಣ್ಣು ಇನ್ನೂ ಚಿಕ್ಕದು. ಒಂದು ತೊಟ್ಟು ಹಾಲು 50 ಮೈಕ್ರೋಲೀಟರ್ ಆಸುಪಾಸು. ಕಣ್ಣೆವೆಯೊಳಗೆ ಅಷ್ಟಕ್ಕೆ ಜಾಗವಿಲ್ಲದೆ ಹೆಚ್ಚಿನದು ಕೆನ್ನೆಗೆ ಹರಿದುಹೋಗುತ್ತದೆ, ಹರಿಯುವಾಗ ಒಳಗಿದ್ದ ಕಣ್ಣೀರನ್ನೂ ತೊಳೆದುಕೊಂಡು ಹೋಗುತ್ತದೆ. ಲೈಸೋಜೈಮ್ ಸೇರಿಸಿದೆವೆಂದು ತಿಳಿದವರು ನಿಜಕ್ಕೂ ಇದ್ದ ಲೈಸೋಜೈಮನ್ನು ತೆಳುಮಾಡಿರುತ್ತಾರೆ. ಮೇಲಾಗಿ ಎದೆಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಸಕ್ಕರೆ ಇದೆ. ಅದು ರೆಪ್ಪೆಗೂದಲಲ್ಲಿ ಒಣಗಿ ಕಣ್ಣನ್ನು ಮತ್ತಷ್ಟು ಅಂಟಿಸುತ್ತದೆ.

‘ಹಾಲು ಬಿಟ್ಟ ಮೇಲೆ ವಾಸಿಯಾಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹುಟ್ಟಿದ ಮಕ್ಕಳಲ್ಲಿ ಕಣ್ಣಿನಿಂದ ಮೂಗಿಗೆ ನೀರು ಇಳಿಸುವ ನಾಳದ ತುದಿಯಲ್ಲಿ ತೆಳುಪೊರೆಯೊಂದು ಮುಚ್ಚಿಕೊಂಡಿರುವುದು ಸಾಮಾನ್ಯ. ನೀರು ನಿಂತು ಪಿಸುರು ಕಟ್ಟುತ್ತದೆ, ಕಣ್ಣಿನ ಬಿಳಿ ಮಾತ್ರ ಬಿಳಿಯಾಗಿಯೇ ಇರುತ್ತದೆ. ಇಂಥ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ವರ್ಷ ತುಂಬುವುದರೊಳಗೆ ನಾಳ ತಾನೇ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಮಾಡಬೇಕಾದ್ದು ನೀವುವುದು. ಉಗುರು ಕತ್ತರಿಸಿ, ಕೈ ಸೋಪಿನಿಂದ ತೊಳೆದು, ತೋರುಬೆರಳ ತುದಿಯನ್ನು ಕಣ್ಣಿನ ಒಳಮೂಲೆಗೂ ಮೂಗಿನ ಎಲುಬಿಗೂ ನಡುವಿನ ತಗ್ಗಿನಲ್ಲಿಟ್ಟು, ಒತ್ತಿ, ಒತ್ತಡ ಬಿಡದೆ ಮೂಗಿನ ಪಕ್ಕದಲ್ಲೇ ಕೆಳಕ್ಕೆ ಎಳೆಯಬೇಕು. ಒಂದು ಸಲಕ್ಕೆ 5ರಿಂದ 10 ಬಾರಿ, ದಿನಕ್ಕೆ ಮೂರು ನಾಲ್ಕು ಸಲ. ಬಹಳ ಜನ ಸೋಲುವುದು ಇಲ್ಲಿಯೇ: ಕೆನ್ನೆಯ ಚರ್ಮವನ್ನು ಸವರುತ್ತಾರೆ, ಚೀಲವಿರುವ ಮೂಲೆಯನ್ನು ಒತ್ತುವುದೇ ಇಲ್ಲ. ಒತ್ತಿದ್ದು ಸರಿಯಾಗಿದ್ದರೆ ಕೆಲವೊಮ್ಮೆ ಒಳಮೂಲೆಯಿಂದ ಒಂದಿಷ್ಟು ಲೋಳೆ ಹೊರಬರುವುದು ಕಾಣುತ್ತದೆ. ಒರೆಸಲು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿ ಸಾಕು. ಒಳಮೂಲೆಯಿಂದ ಹೊರಕ್ಕೆ, ಒಂದು ಹತ್ತಿಯಲ್ಲಿ ಒಂದೇ ಸಲ, ಎರಡು ಕಣ್ಣಿಗೆ ಬೇರೆಬೇರೆ ಹತ್ತಿ. ಕಾಡಿಗೆ ಬೇಡವೇ ಬೇಡ.

ಆದರೆ ಎಲ್ಲ ಪಿಸುರೂ ಒಂದೇ ಅಲ್ಲ. ಹುಟ್ಟಿದ 28 ದಿನದೊಳಗೆ ರೆಪ್ಪೆ ಊದಿ, ಕಣ್ಣು ಕೆಂಪಾಗಿ, ಒರೆಸಿದ ಕೆಲವೇ ನಿಮಿಷದಲ್ಲಿ ಮತ್ತೆ ಹಳದಿ-ಹಸಿರು ಕೀವು ತುಂಬುತ್ತಿದ್ದರೆ ಅದು ಹೆರಿಗೆಯ ವೇಳೆ ತಗುಲಿದ ಸೋಂಕಾಗಿರಬಹುದು. ಗೊನೊಕಾಕಸ್ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ 2ರಿಂದ 5ನೆಯ ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಕ್ಲಮೈಡಿಯಾ 5ರಿಂದ 14ನೆಯ ದಿನದೊಳಗೆ. ಮೊದಲನೆಯದು ಗ್ರಾಂ-ನೆಗೆಟಿವ್, ಪೊರೆ ಹೊದ್ದದ್ದು. ಎರಡನೆಯದು ನಮ್ಮ ಜೀವಕೋಶದ ಒಳಗೇ ಅಡಗಿ ಬೆಳೆಯುತ್ತದೆ, ಕಣ್ಣೀರಿನ ಕಿಣ್ವಕ್ಕೆ ಸಿಗುವುದಿಲ್ಲ. ಗೊನೊಕಾಕಸ್ ಕರಿಗುಡ್ಡೆಯನ್ನು ತೂತು ಮಾಡಲು ದಿನಗಳು ಸಾಕು. ‘ನಾಳೆ ನೋಡೋಣ, ಇವತ್ತು ಹಾಲು ಬಿಡೋಣ’ ಎಂದು ಕಳೆಯುವ ಆ ಒಂದು ದಿನಕ್ಕಾಗಿ ನಾವು ಇಷ್ಟು ಬರೆಯುತ್ತಿರುವುದು.

ಸುಗ್ಗಿಯ ಕಾಲದಲ್ಲಿ ಇದೇ ತಪ್ಪು ದೊಡ್ಡವರ ಕಣ್ಣಿನಲ್ಲೂ ನಡೆಯುತ್ತದೆ. ಭತ್ತದ ಹೊಟ್ಟು, ಕಬ್ಬಿನ ಗರಿ ತಗುಲಿ ಕರಿಗುಡ್ಡೆ ಗೀರಿದರೆ ಬಾಣಂತಿಯ ಹಾಲನ್ನೋ ಹರಳೆಣ್ಣೆಯನ್ನೋ ಬಿಡುವ ರೂಢಿ ಇದೆ. ಗಿಡದ ಚೂರಿನೊಂದಿಗೆ ಒಳಹೋಗುವುದು ಹೆಚ್ಚಾಗಿ ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಬೂಷ್ಟು. ಅದರ ಗೋಡೆ ಬೇರೆಯದೇ ಹೆಣಿಗೆ. ಶುದ್ಧ ನೀರಿನಿಂದ ತೊಳೆಯಿರಿ, ಉಜ್ಜಬೇಡಿ, ಮೆಡಿಕಲ್ ಶಾಪಿನಲ್ಲಿ ವೈದ್ಯರ ಚೀಟಿ ಕೇಳದೆಯೇ ಕೊಡುವ ಸ್ಟೆರಾಯ್ಡ್ ಹನಿ ಹಾಕಬೇಡಿ. ಕೆಂಪು ಇಳಿದಂತೆ ಕಂಡರೂ ಅಡಿಯಲ್ಲಿ ಬೂಷ್ಟು ಹಬ್ಬುತ್ತದೆ. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು.

ಎಂಜಲಿನ ಲೆಕ್ಕ ಇನ್ನೂ ಕಡಿಮೆ. ಅದರಲ್ಲಿ ಲೈಸೋಜೈಮ್ ಕಣ್ಣೀರಿನ ನೂರನೆಯ ಒಂದು ಪಾಲಿನಷ್ಟು, ಬ್ಯಾಕ್ಟೀರಿಯಾ ಮಾತ್ರ ಒಂದು ಮಿ.ಲೀ.ಗೆ 10 ಕೋಟಿಯಷ್ಟು. ಬಾಯೊಳಗಿನ ಗಾಯ ಬೇಗ ಮಾಯುತ್ತದಲ್ಲ ಎಂದು ಕೇಳುವವರಿದ್ದಾರೆ. ಅದಕ್ಕೆ ಅಲ್ಲಿನ ಸಮೃದ್ಧ ರಕ್ತ ಸಂಚಾರ, ಸದಾ ತೇವ, ಹಿಸ್ಟಾಟಿನ್‌ನಂಥ ಬೇರೆ ಪ್ರೋಟೀನುಗಳು ಕಾರಣ. ಬೆರಳಿನ ಗಾಯಕ್ಕೆ ಎಂಜಲು ಹಚ್ಚಿದರೆ ಆ ರಕ್ತ ಸಂಚಾರವಾಗಲಿ, ಸದಾ ತೇವವಾಗಲಿ ವರ್ಗವಾಗುವುದಿಲ್ಲ. ಸಕ್ಕರೆ ಕಾಯಿಲೆಯವರು ಕಾಲಿನ ಗಾಯಕ್ಕೆ ಎಂಜಲು ಹಚ್ಚುವುದಂತೂ ಅಪಾಯವನ್ನು ಕರೆದು ಕೂರಿಸಿಕೊಂಡಂತೆ. ಹರಿಯುವ ನೀರು, ಸೋಪು, ಒಣ ಬಟ್ಟೆ: ಸಣ್ಣ ಗಾಯಕ್ಕೆ ಇಷ್ಟೇ. ‘ನಾಯಿ ನೆಕ್ಕಿದರೆ ಗಾಯ ಮಾಯುತ್ತೆ’ ಎಂಬ ನಂಬಿಕೆಗೂ ಲೈಸೋಜೈಮಿನ ಹೆಸರನ್ನೇ ಎಳೆದು ತರುತ್ತಿದ್ದಾರೆ. ರೇಬೀಸ್ ವೈರಸ್ ಇರುವುದೇ ನಾಯಿಯ ಜೊಲ್ಲಿನಲ್ಲಿ. ತೆರೆದ ಗಾಯವನ್ನು ನಾಯಿ ನೆಕ್ಕಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಆಳವಾದ ಕಡಿತದ ಸಾಲಿಗೇ, ಮೂರನೆಯ ದರ್ಜೆಗೇ ಸೇರಿಸುತ್ತದೆ: 15 ನಿಮಿಷ ಸೋಪು-ನೀರಿನಲ್ಲಿ ತೊಳೆದು, ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು.

ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಯುವಜನರಿಗೂ ಒಂದು ಮಾತು. ಕಣ್ಣೀರಿನ ಲೈಸೋಜೈಮ್ ಧನ ವಿದ್ಯುದಂಶದ್ದು, ಹಲವು ಮೃದು ಲೆನ್ಸ್‌ಗಳು ಋಣದವು; ಎರಡೂ ಅಂಟಿಕೊಂಡು ಲೆನ್ಸಿನ ಮೇಲೆ ಪದರ ಕಟ್ಟುತ್ತದೆ. ಹಾಗೆ ಕೆಟ್ಟು ಕೂತ ಕಿಣ್ವ ಕಾಯುವುದಿಲ್ಲ. ಒಣಗಿದ ಲೆನ್ಸನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಹಾಕಿಕೊಳ್ಳಬೇಡಿ, ನಲ್ಲಿನೀರೂ ಬೇಡ. ಪ್ರತಿ ಸಲ ಹೊಸ ದ್ರಾವಣ, ಅಂಗೈಯಲ್ಲಿ ಉಜ್ಜಿ ತೊಳೆಯುವುದು, ಮೂರು ತಿಂಗಳಿಗೊಮ್ಮೆ ಹೊಸ ಡಬ್ಬಿ.

ಕತ್ತೆಹಾಲಿಗೆ ಬರೋಣ. ಬೆಳಗಿನ ಹೊತ್ತು ‘ಕತ್ತೆಹಾಲು’ ಎಂದು ಕೂಗುತ್ತ ಮರಿಯೊಂದಿಗೆ ಕತ್ತೆ ಹೊಡೆದುಕೊಂಡು ಬರುವುದು, ಬಾಗಿಲಲ್ಲೇ ಕರೆದು ಒಂದು ಒಳಲೆಯಷ್ಟು ಹಾಲನ್ನು ಬಿಸಿಬಿಸಿಯಾಗಿ ಕೂಸಿನ ಬಾಯಿಗೆ ಹೊಯ್ಯುವುದು ನಮ್ಮ ಊರುಗಳಲ್ಲಿ ಇಂದಿಗೂ ಇದೆ. ಕತ್ತೆಹಾಲಿನಲ್ಲಿ ಲೈಸೋಜೈಮ್ ಹೇರಳ, ಮಿ.ಲೀ.ಗೆ 1 ಮಿ.ಗ್ರಾಂ. ಮತ್ತು ಅದಕ್ಕೂ ಮೇಲೆ. ಹಸುವಿನ ಹಾಲಿನಲ್ಲಿ ಇದರ ಸಾವಿರದ ಒಂದು ಪಾಲೂ ಇಲ್ಲ. ಹಾಗಾಗಿ ಮಾತು ಪೂರ್ತಿ ಆಧಾರವಿಲ್ಲದ್ದಲ್ಲ. ಈಗ ಲೆಕ್ಕ ಹಾಕಿ: 5 ಮಿ.ಲೀ. ಕತ್ತೆಹಾಲಿನಲ್ಲಿ 5ರಿಂದ 10 ಮಿ.ಗ್ರಾಂ. ಲೈಸೋಜೈಮ್. ದಿನಕ್ಕೆ 700 ಮಿ.ಲೀ. ಎದೆಹಾಲು ಕುಡಿಯುವ ಕೂಸಿಗೆ ತಾಯಿಯಿಂದಲೇ ಸಿಗುವುದು ಸುಮಾರು 200 ಮಿ.ಗ್ರಾಂ. ಆ ಒಂದು ಒಳಲೆ ತರುವುದು ಬೇರೆ ವಸ್ತುಗಳನ್ನು: ತೊಳೆಯದ ಕೆಚ್ಚಲು, ರಸ್ತೆಯ ಧೂಳು, ಕುದಿಸದ ಹಾಲಿನ ಇ. ಕೊಲೈ, ಸಾಲ್ಮೊನೆಲ್ಲಾ, ಬ್ರುಸೆಲ್ಲಾ. ಮೂರೂ ಗ್ರಾಂ-ನೆಗೆಟಿವ್. ಹಾಲಿನಲ್ಲಿ ಎಷ್ಟೇ ಲೈಸೋಜೈಮ್ ಇದ್ದರೂ ತಾನಾಗಿ ಅವನ್ನು ಮುಟ್ಟದು. ಆರು ತಿಂಗಳು ತುಂಬದ ಕೂಸಿಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ದೊಡ್ಡ ಮಕ್ಕಳಿಗೆ ಕೊಡಲೇಬೇಕೆಂದಿದ್ದರೆ ಕುದಿಸಿ ಕೊಡಿ.

ಎದೆಹಾಲಿನ ಲೈಸೋಜೈಮ್ ವ್ಯರ್ಥವೆಂದು ಯಾರೂ ತಿಳಿಯಬಾರದು. ಅದು ಕೆಲಸ ಮಾಡುವ ಜಾಗ ಕೂಸಿನ ಬಾಯಿ, ಗಂಟಲು, ಕರುಳು. ಅಲ್ಲಿ ಅದು ಒಂಟಿಯಲ್ಲ: ಹಾಲಿನ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಗ್ರಾಂ-ನೆಗೆಟಿವ್‌ಗಳ ಹೊರಪೊರೆಯನ್ನು ಸಡಿಲಿಸಿಕೊಡುತ್ತದೆ, ಆ ಸಂದಿಯಲ್ಲಿ ಲೈಸೋಜೈಮ್ ಒಳಗಿನ ಗೋಡೆಗೆ ಕೈಹಾಕುತ್ತದೆ. ಹಿಂಡಿಟ್ಟ ಹಾಲನ್ನು ಕುದಿಸಿದರೆ ಈ ಜೋಡಿ ಕೆಡುತ್ತದೆ. ಮೈಕ್ರೋವೇವ್‌ನಲ್ಲಿ ಹದವಾಗಿ ಬಿಸಿ ಮಾಡಿದರೂ ಲೈಸೋಜೈಮ್ ಇಳಿಯುತ್ತದೆ, ಜೊತೆಗೆ ಹಾಲು ಒಂದು ಕಡೆ ಸುಡುವಷ್ಟು, ಇನ್ನೊಂದು ಕಡೆ ತಣ್ಣಗೆ. ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ, ಮೆಲ್ಲಗೆ ತಿರುವಿ. ತಾಯಿಹಾಲಿನ ಬ್ಯಾಂಕುಗಳು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸುವುದು ಬೇರೊಬ್ಬ ತಾಯಿಯ ಹಾಲೆಂಬ ಕಾರಣಕ್ಕೆ; ಅಲ್ಲಿ ಲೈಸೋಜೈಮಿನ ಒಂದು ಪಾಲನ್ನು ಸುರಕ್ಷತೆಗಾಗಿ ಬಿಟ್ಟುಕೊಡುತ್ತಾರೆ.

ಕಣ್ಣಾರೆ ನೋಡದೆ ನಂಬಲೊಲ್ಲದ ವಿದ್ಯಾರ್ಥಿಗಳಿಗೆ ಕಾಲೇಜು ಪ್ರಯೋಗಾಲಯದಲ್ಲಿ ಇದನ್ನು ತೋರಿಸುವುದು ಸುಲಭ. ಕಣ್ಣೀರು ಬೇಕಿಲ್ಲ, ಕೋಳಿಮೊಟ್ಟೆಯ ಬಿಳಿ ಸಾಕು, ಅದರಲ್ಲಿ ಮಿ.ಲೀ.ಗೆ 3ರಿಂದ 4 ಮಿ.ಗ್ರಾಂ. ಲೈಸೋಜೈಮ್ ಇದೆ. 1 ಮಿ.ಲೀ. ಬಿಳಿಗೆ 0.85% ಉಪ್ಪುನೀರು 9 ಮಿ.ಲೀ. ಸೇರಿಸಿ, ನೊರೆ ಬಾರದಂತೆ ತಲೆಕೆಳಗು ಮಾಡಿ ಬೆರೆಸಿ, ತೆಳು ಬಟ್ಟೆಯಲ್ಲಿ ಸೋಸಿ. ಬರೀ ನೀರು ಹಾಕಿದರೆ ಬಿಳಿ ಎಳೆಗಳು ಗರಣೆಗಟ್ಟುತ್ತವೆ, ಉಪ್ಪು ಅದಕ್ಕೇ. ಇದರಿಂದ 1 ಮಿ.ಲೀ. ತೆಗೆದು 9 ಮಿ.ಲೀ. ಫಾಸ್ಫೇಟ್ ಬಫರ್‌ಗೆ ಹಾಕಿದರೆ ನೂರಕ್ಕೊಂದರ ದ್ರಾವಣ. ಒಣಗಿಸಿದ ಮೈಕ್ರೋಕಾಕಸ್ ಪುಡಿ 15 ಮಿ.ಗ್ರಾಂ. ಅನ್ನು ಪಿಎಚ್ 6.24ರ, 66 ಮಿಲಿಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ ಬಫರ್ 100 ಮಿ.ಲೀ.ನಲ್ಲಿ ಕಲಕಿ. ಆ ಮಸುಕು ದ್ರಾವಣದ 2.5 ಮಿ.ಲೀ.ಗೆ ಮೊಟ್ಟೆಯ ದ್ರಾವಣ 0.1 ಮಿ.ಲೀ. ಹಾಕಿ ಸ್ಪೆಕ್ಟ್ರೋಫೋಟೋಮೀಟರ್ ಯಂತ್ರದಲ್ಲಿ, 450 ನ್ಯಾನೋಮೀಟರ್ ಬೆಳಕಿನಲ್ಲಿ ಅದರ ಮಸುಕನ್ನು 30 ಸೆಕೆಂಡಿಗೊಮ್ಮೆ ಅಳೆಯಿರಿ. ಮಿನಿಟಿಗೆ 0.1ರ ಆಸುಪಾಸು ಇಳಿಯುತ್ತ ಹೋಗುತ್ತದೆ. ಹತ್ತಕ್ಕೊಂದರ ದ್ರಾವಣವನ್ನೇ ಹಾಕಿದರೆ ಮೊದಲ ಓದಿಗೇ ಎಲ್ಲ ತಿಳಿಯಾಗಿ ಅಳೆಯಲು ಏನೂ ಉಳಿಯದು. ಯಂತ್ರವಿಲ್ಲದ ಕಡೆ ಪುಡಿಯನ್ನು ಮಿ.ಲೀ.ಗೆ 1 ಮಿ.ಗ್ರಾಂ.ನಂತೆ ಗಟ್ಟಿಯಾಗಿ ಕಲಕಿ, 5 ಮಿ.ಲೀ.ಗೆ ಹತ್ತಕ್ಕೊಂದರ ದ್ರಾವಣ ಅರ್ಧ ಮಿ.ಲೀ. ಹಾಕಿ, ಕೊಳವೆಯ ಹಿಂದೆ ದಿನಪತ್ರಿಕೆಯ ತುಂಡು ಹಿಡಿಯಿರಿ. ಕಾಣದಿದ್ದ ಅಕ್ಷರಗಳು ಕೆಲವೇ ನಿಮಿಷಗಳಲ್ಲಿ ಒಂದೊಂದಾಗಿ ಮೂಡುತ್ತವೆ.

ಪಕ್ಕದಲ್ಲಿ ಬರೀ ಬಫರ್ ಹಾಕಿದ ಕೊಳವೆ ಇರಲೇಬೇಕು, ಏಕೆಂದರೆ ಹಳೆಯ ಪುಡಿ ಗಂಟುಗಟ್ಟಿ ತಳಕ್ಕಿಳಿದರೂ ತಿಳಿಯಾದಂತೆ ಕಾಣುತ್ತದೆ. ಹೋಲಿಕೆಗೆಂದು ಮೊಟ್ಟೆಯ ದ್ರಾವಣವನ್ನು ಕುದಿಸಿ ಹಾಕಿದ ಕೊಳವೆಯಲ್ಲಿ ಮತ್ತೊಂದು ಎಡವಟ್ಟಾಗುತ್ತದೆ: ತುಸು ಆಮ್ಲೀಯ ಬಫರ್‌ನಲ್ಲಿ ಒಂದೆರಡು ನಿಮಿಷ ಕುದಿಸಿದರೆ ಲೈಸೋಜೈಮ್ ಸಾಯುವುದಿಲ್ಲ. ಒಳಗಿನ ನಾಲ್ಕು ಗಂಧಕದ ಸೇತುವೆಗಳು ಹಿಡಿದಿರುವುದರಿಂದ ಆರಿದ ಮೇಲೆ ಮತ್ತೆ ಮಡಚಿಕೊಂಡು ಕೆಲಸಕ್ಕೆ ನಿಲ್ಲುತ್ತದೆ. ಪ್ರಯೋಗ ಕೆಟ್ಟಿತೆಂದು ವಿದ್ಯಾರ್ಥಿಗಳು ಬರೆದುಬಿಡುತ್ತಾರೆ. ಕೊನೆಗೆ ಇದೇ ದ್ರಾವಣವನ್ನು ಇ. ಕೊಲೈ ಇರುವ ಕೊಳವೆಗೆ ಹಾಕಿ. ಎಷ್ಟು ಹೊತ್ತು ಕಾದರೂ ಅದು ಮಸುಕಾಗಿಯೇ ಇರುತ್ತದೆ. ಅದನ್ನು ಪಿಎಚ್ 8ರ ಟ್ರಿಸ್ ಬಫರ್‌ನಲ್ಲಿ 2 ಮಿಲಿಮೋಲಾರ್ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದುಕೊಳ್ಳುವ ರಾಸಾಯನಿಕ) ಜೊತೆ ಮಾಡಿದರೆ ಹೊರಪೊರೆ ಸಡಿಲಗೊಂಡು ಕೋಶಗಳು ಒಡೆದು, ಡಿಎನ್‌ಎ ಹೊರಬಂದು ದ್ರಾವಣ ಲೋಳೆಲೋಳೆಯಾಗುತ್ತದೆ. ರಾತ್ರಿಯಿಡೀ ಬೆಳೆಸಿದ ಇ. ಕೊಲೈ ಸುಲಭಕ್ಕೆ ಬಗ್ಗದು, 3-4 ಗಂಟೆಯ ಎಳೆಯ ಬೆಳೆ ಬೇಕು. ಮೊಟ್ಟೆಯ ಅಲರ್ಜಿ ಇರುವವರನ್ನು ದೂರವಿಡಿ, ಕೊಳವೆಗಳನ್ನು 121 ಡಿಗ್ರಿಯಲ್ಲಿ 20 ನಿಮಿಷ ಆಟೊಕ್ಲೇವ್ ಮಾಡಿ ತೊಳೆಯಿರಿ.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟು. ಎದೆಹಾಲು, ಎಂಜಲು, ಕತ್ತೆಹಾಲುಗಳ ಗುಣ ಹೇಳುವ ಬರಹ ಬಂದಾಗ ಅದು ಯಾವ ರೋಗಾಣುವಿನ ಮಾತು, ಎಷ್ಟು ಪ್ರಮಾಣದ ಮಾತು ಎಂದು ಬರೆದವರನ್ನು ಕೇಳಿ. ಅಂಥ ಬರಹದ ಕೆಳಗೆ ಈ ಎರಡು ಸಾಲನ್ನು ದಪ್ಪಕ್ಷರದಲ್ಲಿ ಹಾಕಿ: 28 ದಿನದೊಳಗಿನ ಕೂಸಿನ ಕಣ್ಣಲ್ಲಿ ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಗಾಯವನ್ನು ನಾಯಿ ನೆಕ್ಕಿದರೆ 15 ನಿಮಿಷ ಸೋಪು-ನೀರಿನಲ್ಲಿ ತೊಳೆದು, ಅಂದೇ ರೇಬೀಸ್ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಹಾಕಿಸಿಕೊಳ್ಳಿ.

ಇಂತಿ,
ಇಬ್ಬರು ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕರು
ಧಾರವಾಡ